ಕಾಲು ಹಿಂದಕ್ಕೆ ಚಾಚಿತ್ತಾ?

ಫೋನ್ ಎತ್ತಿದ ಅಜ್ಜಿ ನನಗೆ ಕೇಳಿದ ಮೊದಲ ಪ್ರಶ್ನೆ ಇದು.

ನಾನು ಸಸ್ಕಟೂನ್ ಊರಿನ ಉತ್ತರಕ್ಕೆ ಒಂದು ಜಲ್ಲಿ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿಕೊಂಡಿದ್ದೆ. ಸೆಪ್ಟೆಂಬರ್ ತಿಂಗಳು. ತಲೆಯ ಮೇಲೆ ದೊಡ್ಡ ದೊಡ್ಡ ಬಿಳಿ ಹಕ್ಕಿಗಳು ನಿಧಾನವಾಗಿ ಸುತ್ತು ಹಾಕುತ್ತಿದ್ದವು. ರೆಕ್ಕೆಯ ತುದಿ ಕಪ್ಪು. ಅಪರೂಪದ ವೂಪಿಂಗ್ ಕ್ರೇನ್ ಹಕ್ಕಿಗಳು ಸಿಕ್ಕೇಬಿಟ್ಟವು ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

"ಕಾಲು ಕಾಣಲಿಲ್ಲ" ಎಂದೆ.

"ಕತ್ತು?"

"ಮಡಚಿಕೊಂಡಿದ್ದವು."

"ಹಾಗಾದರೆ ಅವು ಪೆಲಿಕನ್. ಕ್ರೇನ್ ಆದರೆ ಕತ್ತು ಮುಂದಕ್ಕೆ, ಕಾಲು ಹಿಂದಕ್ಕೆ ಚಾಚಿ ಹಾರುತ್ತದೆ. ಇರಲಿ, ಎಷ್ಟಿವೆ ಎಣಿಸು. ತಾರೀಖು ಬರೆದುಕೋ. ದಕ್ಷಿಣಕ್ಕೆ ಹೊರಟ ಪೆಲಿಕನ್ ಕೂಡ ಸುದ್ದಿಯೇ."

ಪೆಲಿಕನ್ ಅಂದರೆ ನಮ್ಮ ಹೆಜ್ಜಾರ್ಲೆಯ ಜಾತಿಯವು. ಎಣಿಸಿದೆ. 23 ಇದ್ದವು. ನನ್ನ ಪುಸ್ತಕದ ಮೊದಲ ಸಾಲು ಅದೇ.

ಅಜ್ಜಿ ಎಂದರೆ ನಮ್ಮ ನೆರೆಮನೆಯವರು. ನಿವೃತ್ತ ಶಾಲಾ ಶಿಕ್ಷಕಿ. ಹುಟ್ಟಿ ಬೆಳೆದದ್ದು ಗೋಧಿ ಹೊಲದ ನಡುವಿನ ಮನೆಯಲ್ಲಿ. 'ಅಜ್ಜಿ' ಎಂಬ ಪದದ ಅರ್ಥ ಹೇಳಿದ ಮೇಲೆ ಅವರಿಗೆ ಅದು ಎಷ್ಟು ಹಿಡಿಸಿತೆಂದರೆ, ಈಗ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಈ ದಕ್ಷಿಣ ಭಾಗ ಪ್ರೇರಿ ಬಯಲು. ಬೆಟ್ಟವಿಲ್ಲ. ಎಲ್ಲಿ ನಿಂತರೂ ಅರ್ಧಕ್ಕಿಂತ ಜಾಸ್ತಿ ಆಕಾಶವೇ. ನಿಮ್ಮ ಮನೆಯ ಸಾರಿಗೆ ಬೀಳುವ ಮಸೂರ ಬೇಳೆ ಇಲ್ಲೇ ಬೆಳೆದದ್ದಿರಬಹುದು, ಅಷ್ಟು ಬೆಳೆಯುತ್ತಾರೆ. ಉತ್ತರ ದಕ್ಷಿಣದ ರಸ್ತೆಗಳು ಮೈಲಿಗೊಂದು, ಪೂರ್ವ ಪಶ್ಚಿಮದವು ಎರಡು ಮೈಲಿಗೊಂದು, ಗೆರೆ ಹೊಡೆದ ಹಾಗೆ. ನಡುವೆ ಸಾವಿರಾರು ಸಣ್ಣ ಹೊಂಡಗಳು. ಹಿಮಯುಗದ ಕೊನೆಗೆ ನೀರ್ಗಲ್ಲು ಕರಗಿದಾಗ ಉಳಿದ ತಗ್ಗುಗಳು ಇವು. ಇಲ್ಲಿನವರ ಬಾಯಲ್ಲಿ ಅದು 'ಸ್ಲೂ'. ಕೊಯ್ಲಾದ ಕೂಳೆ ಹೊಲದಲ್ಲಿ ಉದುರಿದ ಕಾಳು, ಪಕ್ಕದಲ್ಲೇ ರಾತ್ರಿ ನಿಲ್ಲಲು ನೀರು. ದೂರ ಹೋಗುವ ಹಕ್ಕಿಗೆ ಇದಕ್ಕಿಂತ ಒಳ್ಳೆಯ ತಂಗುದಾಣ ಬೇಕೇ?

ಹಾಗಾಗಿ ಆಗಸ್ಟ್ ಕೊನೆಯಿಂದ ನವೆಂಬರ್ ತನಕ ಹಕ್ಕಿ ನೋಡುವವರ ನಡುವೆ ಸುದ್ದಿ ಓಡಾಡುತ್ತಲೇ ಇರುತ್ತದೆ. ಯಾವ ಊರಿನ ಹತ್ತಿರ, ಯಾವ ರಸ್ತೆ, ಯಾವ ಹಕ್ಕಿ, ಎಷ್ಟು. ಹೇಳುವವರು ಪಂಡಿತರೇ ಆಗಬೇಕಿಲ್ಲ. ಕೊಯ್ಲಿನ ಯಂತ್ರ ಕಂಬೈನ್ ಓಡಿಸುತ್ತಿದ್ದ ರೈತ ಹೇಳುತ್ತಾನೆ, ಶಾಲೆಯ ಬಸ್ ಓಡಿಸುವವರು ಹೇಳುತ್ತಾರೆ. ಈ ರೂಢಿ ಹಳೆಯದು. 1942ರಲ್ಲಿ ಯಾರ್ಕ್‌ಟನ್ ಊರಿನ ಇಸಾಬೆಲ್ ಪ್ರೀಸ್ಟ್ಲಿ ಎಂಬವರು ಪ್ರಕೃತಿ ಆಸಕ್ತರಿಗಾಗಿ ಒಂದು ಸಣ್ಣ ಪತ್ರಿಕೆ ಶುರು ಮಾಡಿದರು. 'ಬ್ಲೂ ಜೇ' ಅದರ ಹೆಸರು. ಸಸ್ಕಟೂನ್‌ನ ವೈದ್ಯ ಸ್ಟುವರ್ಟ್ ಹ್ಯೂಸ್ಟನ್ ಮತ್ತು ಅವರ ಪತ್ನಿ ಮೇರಿ ದಶಕಗಳ ಕಾಲ ಒಂದು ಲಕ್ಷಕ್ಕೂ ಹೆಚ್ಚು ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ಹಾಕಿದರು. ಆಸ್ಪತ್ರೆಯ ಕೆಲಸ ಮುಗಿಸಿ, ಬಿಡುವಿನಲ್ಲಿ! ನನಗೆ ಇಂಥವರ ಮೇಲೆ ಬಹಳ ಗೌರವ.

ಮೊದಲು ಹೊರಡುವ ಸುದ್ದಿ ಸ್ವೇನ್ಸನ್ ಗಿಡುಗದ್ದು. ಬೇಸಿಗೆಯೆಲ್ಲ ಇಲ್ಲಿ ಇಲಿ, ಮಿಡತೆ ತಿಂದು ಸೆಪ್ಟೆಂಬರ್‌ನಲ್ಲಿ ಅರ್ಜೆಂಟೀನಾಕ್ಕೆ ಹೋಗುತ್ತದೆ. ಸುಮಾರು 10,000 ಕಿಲೋಮೀಟರ್. 1990ರ ದಶಕದ ನಡುವೆ ಅಲ್ಲಿ ಸಾವಿರಾರು ಗಿಡುಗಗಳು ಹೊಲಗಳಲ್ಲಿ ಸತ್ತು ಬಿದ್ದವು. ಮಿಡತೆ ಕೊಲ್ಲಲು ಹೊಡೆದ ಮೋನೊಕ್ರೋಟೋಫಾಸ್ ಅದಕ್ಕೆ ಕಾರಣ. ಅಜ್ಜಿ ಈ ಹೆಸರು ಹೇಳಿದಾಗ ನಾನು ಸುಮ್ಮನಾದೆ. ನಮ್ಮ ಹತ್ತಿ ಹೊಲಕ್ಕೆ ಅಪ್ಪ ಹೊಡೆಯುತ್ತಿದ್ದ 'ಎಣ್ಣಿ' ಅದೇ. ಡಬ್ಬಿಯ ಮೇಲಿನ ಹೆಸರು ನನಗಿನ್ನೂ ನೆನಪಿದೆ. ಹೊಡೆದ ಮರುದಿನ ಬದುವಿನ ಮೇಲೆ ಹಕ್ಕಿ ಬಿದ್ದಿದ್ದವೇ ಎಂದು ನಾವು ಯಾರೂ ನೋಡಲಿಲ್ಲ. ಅರ್ಜೆಂಟೀನಾದಲ್ಲಿ ಆಮೇಲೆ ಆ ವಿಷದ ಬಳಕೆ ನಿಲ್ಲಿಸಿದರು. ಗಿಡುಗಗಳು ಉಳಿದವು.

ಆಮೇಲೆ ಸ್ಯಾಂಡ್‌ಹಿಲ್ ಕ್ರೇನ್‌ಗಳು. ಬೂದು ಮೈ, ಕೆಂಪು ಹಣೆ. ಇವು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತವೆ. ಎಲ್ಲೋ ಮೇಲೆ ಗುಡುಗುಡು ಎಂದು ಗಂಟಲಲ್ಲಿ ಉರುಳುವ ಸದ್ದು. ಲಾಸ್ಟ್ ಮೌಂಟನ್ ಸರೋವರದ ಉತ್ತರ ತುದಿಯಲ್ಲಿ ಸಾವಿರಾರು ಒಟ್ಟಿಗೆ ಇಳಿಯುತ್ತವೆ. ಆ ಜಾಗವನ್ನು 1887ರಲ್ಲೇ ಹಕ್ಕಿಗಳಿಗೆಂದು ಕಾದಿರಿಸಿದರು. ಉತ್ತರ ಅಮೆರಿಕದಲ್ಲಿ ಸರ್ಕಾರ ಹಾಗೆ ಮಾಡಿದ ಮೊದಲ ಜಾಗ ಅದು. ರೈಲು ಬಂದು, ಹೊಲ ಮಾಡುವವರು ಇನ್ನೂ ಬರುತ್ತಿದ್ದ ಕಾಲ. ಆಗಲೇ ಯಾರೋ ಇಷ್ಟು ಜಾಗ ಹಕ್ಕಿಗಿರಲಿ ಎಂದರಲ್ಲ!

ಆದರೆ ಎಲ್ಲರೂ ಕಾಯುವುದು ವೂಪಿಂಗ್ ಕ್ರೇನ್‌ಗೆ. ನಿಂತರೆ ಐದಡಿ. ಉತ್ತರ ಅಮೆರಿಕದ ಅತಿ ಎತ್ತರದ ಹಕ್ಕಿ. 1922ರಲ್ಲಿ ಸಸ್ಕಾಚೆವಾನ್‌ನ ಮಡ್ಡಿ ಲೇಕ್‌ನಲ್ಲಿ ಒಂದು ಗೂಡು ಕಂಡಿತ್ತು. ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಅವುಗಳ ಗೂಡು ಎಲ್ಲಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. 1941ರ ಹೊತ್ತಿಗೆ ಉಳಿದಿದ್ದವು 20ರ ಆಸುಪಾಸು, ಅಷ್ಟೇ. 1954ರಲ್ಲಿ ಕೆನಡಾದ ಉತ್ತರದ ವುಡ್ ಬಫಲೋ ರಾಷ್ಟ್ರೀಯ ಉದ್ಯಾನದಲ್ಲಿ ಕಾಡ್ಗಿಚ್ಚು ನೋಡಲು ಹೆಲಿಕಾಪ್ಟರ್‌ನಲ್ಲಿ ಹೋದವರಿಗೆ ಅಚಾನಕ್ಕಾಗಿ ಅವು ಕಂಡವು. ಅಲ್ಲಿಂದ ಟೆಕ್ಸಾಸ್‌ನ ಅರಾನ್ಸಾಸ್ ಕರಾವಳಿಗೆ ಸುಮಾರು 4,000 ಕಿಲೋಮೀಟರ್ ದಾರಿ. ಆ ದಾರಿಯ ದೊಡ್ಡ ತಂಗುದಾಣ ನಮ್ಮ ಈ ಬಯಲು. ಎರಡು ಮೂರು ವಾರ ಇಲ್ಲಿ ಕಾಳು ತಿಂದು ಮೈ ತುಂಬಿಕೊಂಡು ಮುಂದೆ ಹೋಗುತ್ತವೆ. ಈಗ ಆ ಗುಂಪು 500 ದಾಟಿದೆ.

ಈ ಒಂದು ಹಕ್ಕಿಯ ವಿಷಯದಲ್ಲಿ ಮಾತ್ರ ರಸ್ತೆ ನಂಬರನ್ನು ಊರಿಗೆಲ್ಲ ಹೇಳುವುದಿಲ್ಲ. ವನ್ಯಜೀವಿ ಇಲಾಖೆಗೆ ತಿಳಿಸುತ್ತಾರೆ. ಬೇರೆಯವರಿಗೆ 'ಬ್ಲೇನ್ ಲೇಕ್ ಕಡೆ' ಎಂದಷ್ಟೇ. ಜನ ಮುತ್ತಿಕೊಂಡರೆ ಹಕ್ಕಿ ಬೆದರಿ ಏಳುತ್ತದೆ. ಬೆದರಿ ಎದ್ದದ್ದು ಕರೆಂಟ್ ತಂತಿಗೆ ಬಡಿಯಬಹುದು. ವಲಸೆಯ ದಾರಿಯಲ್ಲಿ ಇವು ಜಾಸ್ತಿ ಸಾಯುವುದು ತಂತಿಗೆ ಸಿಕ್ಕಿಯೇ. ಇದೇ ಹೊತ್ತಿಗೆ ಬಾತು ಬೇಟೆಯ ಕಾಲವೂ ಶುರುವಾಗಿರುತ್ತದೆ. ಬಿಳಿ ಮೈ, ಕಪ್ಪು ರೆಕ್ಕೆ ತುದಿ ಎಂದರೆ ಸ್ನೋ ಗೂಸ್ ಎಂಬ ಹೆಬ್ಬಾತು ಕೂಡ ಹೌದು. ಅದಕ್ಕೇ ಅಜ್ಜಿ ಕಾಲಿನ ಪ್ರಶ್ನೆಯನ್ನು ಅಷ್ಟು ಗಟ್ಟಿಯಾಗಿ ಕೇಳುವುದು. ನನ್ನ ತಪ್ಪು ಫೋನಿನಲ್ಲಿ ಆಯಿತು. ಬಂದೂಕು ಹಿಡಿದವನು ಅದೇ ತಪ್ಪು ಮಾಡಿದರೆ?

ಹೋದ ಅಕ್ಟೋಬರ್ ಮೊದಲ ವಾರ ಅಜ್ಜಿಯೇ ಕರೆದುಕೊಂಡು ಹೋದರು. ಬೆಳಿಗ್ಗೆ ಆರಕ್ಕೆ ಹೊರಟೆವು. ಗಾಜಿನ ಮೇಲೆ ಹಿಮ ಕೆರೆಯಬೇಕಾಯಿತು. ಒಂದು ಗಂಟೆ ದಾರಿ. "ಕಾರಿನಿಂದ ಇಳಿಯಬಾರದು, ಬಾಗಿಲು ಧಡ್ ಎನಿಸಬಾರದು" ಎಂದು ಮೊದಲೇ ಹೇಳಿದ್ದರು. ಬಾರ್ಲಿ ಕೂಳೆ ಹೊಲ. ದೂರದಲ್ಲಿ ಬೂದು ಕ್ರೇನ್‌ಗಳ ಹಿಂಡು. ಅವುಗಳಾಚೆ ಮೂರು ಹಕ್ಕಿ ಬೇರೆಯಾಗಿ ನಿಂತಿದ್ದವು.

ಎರಡು ಬೆಳ್ಳಗೆ. ಅಪ್ಪ, ಅಮ್ಮ. ನಡುವೆ ಒಂದು ಮರಿ. ಮರಿಯ ಮೈ ಬಿಳಿ ಅಲ್ಲ, ದಾಲ್ಚಿನ್ನಿ ಬಣ್ಣ, ಅಲ್ಲಲ್ಲಿ ಬಿಳಿ ಇಣುಕುತ್ತಿತ್ತು. ಮರಿ ಕಾಳು ಹೆಕ್ಕುವಾಗ ದೊಡ್ಡದೊಂದು ತಲೆ ಎತ್ತಿಯೇ ನಿಂತಿತ್ತು. ಅದು ತಲೆ ತಗ್ಗಿಸಿದಾಗ ಇನ್ನೊಂದು ಎತ್ತುತ್ತಿತ್ತು. ಒಂದು ಸಲವೂ ಎರಡೂ ಒಟ್ಟಿಗೆ ತಗ್ಗಲಿಲ್ಲ. ಬೈನಾಕ್ಯುಲರ್ ಹಿಡಿದ ಕೈ ಮರಗಟ್ಟಿತ್ತು, ಆದರೂ ಇಳಿಸಲು ಮನಸ್ಸಾಗಲಿಲ್ಲ. ಟೆಕ್ಸಾಸ್ ದಾರಿಯನ್ನು ಆ ಮರಿ ಅಪ್ಪ ಅಮ್ಮನ ಜೊತೆ ಹಾರಿಯೇ ಕಲಿಯುತ್ತದೆ. ಅರ್ಧ ಗಂಟೆಯ ಮೇಲೆ ಮೂರೂ ಗಾಳಿಗೆ ಎದುರಾಗಿ ನಾಲ್ಕು ಹೆಜ್ಜೆ ಓಡಿ ಎದ್ದವು. ಕತ್ತು ಮುಂದಕ್ಕೆ. ಕಾಲು ಹಿಂದಕ್ಕೆ. ಅಜ್ಜಿ ನನ್ನ ತೋಳು ಹಿಡಿದುಕೊಂಡಿದ್ದರು. ಅವರು ಚಿಕ್ಕವರಿದ್ದಾಗ ಅವರ ತಂದೆ ಈ ಹಕ್ಕಿ ನೋಡಬೇಕೆಂದು ವರ್ಷವರ್ಷ ಕಾದು, ನೋಡದೆಯೇ ಹೋದರಂತೆ.

ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಮ್ಮ ಊರು ಗದಗ ಜಿಲ್ಲೆಯಲ್ಲಿ, ಮಾಗಡಿ ಕೆರೆಯ ಹತ್ತಿರ. ಚಳಿಗಾಲಕ್ಕೆ ಆ ಕೆರೆಗೆ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟವು ನಮ್ಮ ರಾಜ್ಯದ ಕೆರೆಗಳಲ್ಲಿ ಸಿಕ್ಕಿವೆ. 2024ರಲ್ಲಿ ಮಾಗಡಿ ಕೆರೆ ಜಗತ್ತಿನ ಮುಖ್ಯ ಜೌಗು, ಕೆರೆಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಶಾಲೆಗೆ ಹೋಗುವಾಗ ದಿನಾ ನೋಡುತ್ತಿದ್ದೆ, ಆದರೆ ಒಂದು ದಿನವೂ ಎಣಿಸಿರಲಿಲ್ಲ.

"ಅವ್ವಾ, ಈ ವರ್ಷ ಬಾತು ಬಂದ ದಿನ ನನಗ ಹೇಳ್ತೀಯೇನು?" ಎಂದು ಕೇಳಿದೆ.

"ತಾರೀಖ್ ಬರದ ಇಡಬೇಕೇನು?"

"ಹೂಂ. ಎಷ್ಟ ಅದಾವ ಅಂತನೂ."

"ಅಷ್ಟ ಎಣಸಾಕ ಆಗೂದಿಲ್ಲೋ ತಮ್ಮಾ. ಕೆರಿ ತುಂಬ ಇರ್ತಾವ."

ಎಣಿಸುವ ಬಗೆಯನ್ನು ಅಜ್ಜಿ ನನಗೆ ಕಲಿಸಿದ್ದು ಸ್ನೋ ಗೂಸ್‌ಗಳ ಮೇಲೆ. ಹತ್ತು ಹಕ್ಕಿ ಎಣಿಸಿ ಆ ಅಳತೆಯನ್ನು ಕಣ್ಣಿನಲ್ಲಿ ಹಿಡಿಯಬೇಕು. ಅಂಥ ಹತ್ತು ಸೇರಿಸಿದರೆ ನೂರು. ಆಮೇಲೆ ನೂರರ ತುಂಡುಗಳಲ್ಲಿ ಹಿಂಡನ್ನು ಅಳೆಯುತ್ತಾ ಹೋಗಬೇಕು. ಆ ಹಿಂಡು ಒಮ್ಮೆಲೇ ಎದ್ದರೆ ಮಾತ್ರ ಲೆಕ್ಕವೆಲ್ಲ ತಪ್ಪಿಹೋಗುತ್ತದೆ. ಹೊಲವೇ ಎದ್ದ ಹಾಗೆ ಕಾಣುತ್ತದೆ. ಕಿವಿ ತುಂಬಿ ಬೇರೇನೂ ಕೇಳುವುದಿಲ್ಲ. ಇದನ್ನೆಲ್ಲ ಅವ್ವನಿಗೆ ಹೇಳಿಕೊಟ್ಟೆ. ನೋಡೋಣ ಎಂದಳು.

ಈಗ ಸ್ಲೂಗಳೆಲ್ಲ ಹೆಪ್ಪುಗಟ್ಟಿವೆ. ಕ್ರೇನ್ ಸುದ್ದಿ ನಿಂತಿದೆ. ಬೀದಿಯ ಮರಗಳ ಕೆಂಪು ಹಣ್ಣಿಗೆ ಬೊಹೀಮಿಯನ್ ವ್ಯಾಕ್ಸ್‌ವಿಂಗ್ ಹಕ್ಕಿಗಳು ಬಂದಿವೆ. ವಿದ್ಯುತ್ ಸ್ಥಾವರದ ಬಿಸಿ ನೀರು ಬೀಳುವಲ್ಲಿ ಮಾತ್ರ ನದಿ ಇನ್ನೂ ತೆರೆದಿದೆ, ಅಲ್ಲಿ ಒಂದಷ್ಟು ಬಾತುಗಳು ಉಳಿದುಕೊಂಡಿವೆ. ನಿನ್ನೆ ಸಂಜೆ ಅಜ್ಜಿ ಬಾಗಿಲು ತಟ್ಟಿದರು. ಊರ ದಕ್ಷಿಣಕ್ಕೆ ಕರೆಂಟ್ ಕಂಬದ ಮೇಲೆ ಮೊದಲ ಬಿಳಿ ಗೂಬೆ ಕಂಡಿದೆಯಂತೆ. ಆರ್ಕ್ಟಿಕ್‌ನಿಂದ ಇಳಿದು ಬಂದು ಚಳಿಗಾಲವನ್ನು ಇಲ್ಲೇ ಕಳೆಯುವ ಹಕ್ಕಿ. ಶನಿವಾರ ಬೆಳಕು ಹರಿಯುವ ಮೊದಲು ಹೊರಡುತ್ತೇವೆ. ಫ್ಲಾಸ್ಕಿಗೆ ಚಹಾ ಹಾಕುವ ಕೆಲಸ ನನ್ನದು.