ವಾರಕ್ಕೊಂದು ಪೊಟ್ಟಣ

ನಮ್ಮತ್ತೆಗೆ ಕಾಲು ನೋವು, ರಾತ್ರಿ ಮೀನಖಂಡದಲ್ಲಿ ಸೆಳೆತ. ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ತೀರಾ ಕಡಿಮೆ. ಇಷ್ಟು ಬಿಸಿಲಿರುವ ಊರಲ್ಲಿ ಬಿಸಿಲಿನ ವಿಟಮಿನ್ನಿಗೇ ಬರ! ದಿನವಿಡೀ ಮನೆಯೊಳಗೇ ಇದ್ದರೆ ಇನ್ನೇನಾಗುತ್ತದೆ, ಅಲ್ವಾ?

ಡಾಕ್ಟರು ವಾರಕ್ಕೊಮ್ಮೆ 60,000 ಯೂನಿಟ್‌ನ ಪುಡಿ ಬರೆದುಕೊಟ್ಟರು. ಇದು ಜಿಡ್ಡಿನಲ್ಲಿ ಕರಗುವ ವಿಟಮಿನ್. ಹಾಗಾಗಿ ಕೆನೆ ತೆಗೆಯದ ಹಾಲಿಗೆ ಬೆರೆಸಿ, ಊಟ ಆದ ಮೇಲೆ ಕೊಡುತ್ತೇನೆ. ಜೊತೆಗೆ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳೂ ಇವೆ. ಅತ್ತೆಗೆ ಎಲ್ಲವನ್ನೂ ಒಂದೇ ಗುಟುಕಿಗೆ ಮುಗಿಸುವ ಆಸೆ. ಆದರೆ ಕ್ಯಾಲ್ಸಿಯಂ ಪಕ್ಕದಲ್ಲಿದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ ಒಂದು ಬೆಳಿಗ್ಗೆ, ಇನ್ನೊಂದು ರಾತ್ರಿ.

ಪಕ್ಕದ ಮನೆಯವರು ಮೆಗ್ನೀಸಿಯಂ ಡಬ್ಬಿಯನ್ನೇ ತಂದುಕೊಟ್ಟರು. ಪ್ರೀತಿ ದೊಡ್ಡದು, ಆದರೆ ವಯಸ್ಸಾದವರ ಕಾಲು ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಪ್ರಯೋಗಗಳಲ್ಲಿ ಕಂಡಿಲ್ಲ. ಕಿಡ್ನಿ ತೊಂದರೆ ಇರುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಪಾದ ಜುಮ್ಮೆನ್ನುತ್ತಿದ್ದರೆ ಬಿ12 ನೋಡಿಸಬೇಕು. ನಮ್ಮಂಥ ಸಸ್ಯಾಹಾರಿಗಳಲ್ಲಿ ಅದರ ಕೊರತೆ ಜಾಸ್ತಿ.

ಈಗ ನೋವು ಸ್ವಲ್ಪ ಇಳಿದಿದೆ. ಪುಡಿ ಚೆನ್ನಾಗಿ ಕೆಲಸ ಮಾಡ್ತಿದೆ, ದಿನಾ ಕೊಡು ಅಂತ ಅತ್ತೆಯ ಹೊಸ ಹಟ. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು ಶುರುವಾಗುತ್ತದೆ. ಸದ್ಯಕ್ಕೆ ಪೊಟ್ಟಣಗಳನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.