ನಲಿ-ಕಲಿ ಕೋಣೆಯಲ್ಲಿ ಹಸೆ ಚಿತ್ತಾರ: ಮಳೆಗಾಲದ ಟಿಪ್ಪಣಿಗಳು

ಜೂನ್
ಸಾಗರ ತಾಲ್ಲೂಕಿನ ನಮ್ಮ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಲಿಯುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನದೇ ವೇಗದಲ್ಲಿ, ಹಂತಹಂತವಾಗಿ ಜೋಡಿಸಿದ ಚಟುವಟಿಕೆಗಳ ಕಲಿಕಾ ಏಣಿ ಏರುತ್ತದೆ. ಆದರೆ ಒಂದು ಚಟುವಟಿಕೆ ಮುಗಿಸಿ ಮಕ್ಕಳು ಗುಂಪು ಬದಲಿಸುವಾಗ ಏಳುವ ಗದ್ದಲದಲ್ಲಿ ಚಿಕ್ಕವರ ಗಮನ ಚದುರುತ್ತದೆ. ಆ ಹೊತ್ತಿನಲ್ಲಿ ಮಲೆನಾಡಿನ ದೀವರ ಸಮುದಾಯದ ಗೋಡೆ ಚಿತ್ರಕಲೆಯಾದ ಹಸೆ ಚಿತ್ತಾರದ ಗೆರೆಗಳನ್ನು ಎಳೆಸುವ ಕೆಲಸವನ್ನು ಈ ವರ್ಷ ಕೈಗೆತ್ತಿಕೊಂಡಿದ್ದೇನೆ.

ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ ಎಂದರೆ ಆರು ವರ್ಷದ ಮಗು ಅರೆಗಣ್ಣಿನಲ್ಲಿ ಪಕ್ಕದವರನ್ನೇ ನೋಡುತ್ತದೆ. ಬ್ರಿಟನ್ನಿನ 85 ಶಾಲೆಗಳಲ್ಲಿ, 11ರಿಂದ 14 ವರ್ಷದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳೊಂದಿಗೆ ನಡೆದು 2022ರಲ್ಲಿ ಫಲಿತಾಂಶ ಪ್ರಕಟಿಸಿದ ಮಿರಿಯಡ್ ಅಧ್ಯಯನದಲ್ಲೂ, ತರಗತಿಗೆಲ್ಲ ಒಟ್ಟಾಗಿ ಕಲಿಸಿದ ಸಾವಧಾನತೆಯ (ಉಸಿರಿನಂಥ ಈ ಕ್ಷಣದ ಅನುಭವದ ಮೇಲೆ ಗಮನ ನಿಲ್ಲಿಸುವ ಅಭ್ಯಾಸದ) ಪಾಠಗಳು ಎಂದಿನ ಪಾಠಗಳಿಗಿಂತ ಹೆಚ್ಚಿನ ಮಾನಸಿಕ ನೆಮ್ಮದಿ ತಂದದ್ದು ಕಾಣಲಿಲ್ಲ. ನಮ್ಮ ಮಕ್ಕಳು ಅವರಿಗಿಂತ ಚಿಕ್ಕವರು. ಇವರ ಗಮನ ನಿಲ್ಲಲು ಕೈಗೊಂದು ಕೆಲಸ ಬೇಕೆಂಬುದು ನನ್ನ ನಂಬಿಕೆ.

ಜುಲೈ
ರಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಪುಂಡಿ ನಾರಿನ ಕುಂಚವನ್ನು ನೆನೆಸಿ ಅರೆದ ಅಕ್ಕಿಯ ಹಿಟ್ಟಿನಲ್ಲಿ ಅದ್ದಿ ಗೆರೆ ಎಳೆಯುತ್ತೇವೆ. ಈ ಮಳೆಯಲ್ಲಿ ರಟ್ಟು ಒಣಗುವುದೇ ಕಷ್ಟವಾದ್ದರಿಂದ ಬಿಸಿಯೂಟದ ಅಡುಗೆಕೋಣೆಯ ಗೋಡೆಗೆ ಒರಗಿಸಿಡುತ್ತೇವೆ. ನಾರು ಹಿಡಿದಿಟ್ಟುಕೊಳ್ಳುವ ಹಿಟ್ಟು ಸ್ವಲ್ಪವೇ ಆದ್ದರಿಂದ ಅವಸರಿಸಿದರೆ ಗೆರೆ ಕಡಿಯುತ್ತದೆ, ಕೈ ಒತ್ತಿದರೆ ಹರಡುತ್ತದೆ. ಉಸಿರು ಬಿಗಿಹಿಡಿದು ಎಳೆಯುವ ಮಕ್ಕಳಿಗೆ, ಉಸಿರು ಬಿಡುತ್ತಾ ಕುಂಚವನ್ನು ಸಾಗಿಸಿ ಎನ್ನುವುದಷ್ಟೇ ನನ್ನ ಸೂಚನೆ. ‘ಅಕ್ಕೋರೇ, ಉಸಿರು ಮುಗೀತು, ಗೆರೆ ಮುಗೀಲಿಲ್ಲ’ ಎಂದಳು ಎರಡನೆಯ ತರಗತಿಯ ಹುಡುಗಿ. ಕುಂಚ ಎತ್ತಿ, ಉಸಿರು ತೆಗೆದುಕೊಂಡು, ನಿಲ್ಲಿಸಿದಲ್ಲಿಂದಲೇ ಮುಂದುವರಿಸಲು ಹೇಳಿದೆ. ಈಗ ಅವಳೇ ಒಂದನೆಯ ತರಗತಿಯವರಿಗೆ ಅದನ್ನು ಹೇಳಿಕೊಡುತ್ತಾಳೆ.

ಆಗಸ್ಟ್
ಗೆರೆ ಎಳೆದೆದ್ದ ಮಕ್ಕಳು ಮುಂದಿನ ಗುಂಪಿಗೆ ಸದ್ದಿಲ್ಲದೆ ಹೋಗಿ ಕೂರುತ್ತಾರೆ. ಕೆಲವರ ಅಕ್ಷರಗಳು ಕಾಪಿ ಪುಸ್ತಕದ ಗೆರೆಯ ಮೇಲೆ ನಿಲ್ಲತೊಡಗಿವೆ. ಓದು ಸುಧಾರಿಸಿದ್ದು ಇದರಿಂದಲೇ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಚಿತ್ರಗಳಿಗೆ ಅಂಕವಾಗಲಿ ಬಹುಮಾನವಾಗಲಿ ಕೊಡುವುದಿಲ್ಲ, ಏಕೆಂದರೆ ಪೈಪೋಟಿ ಹುಟ್ಟಿದೊಡನೆ ಕೈಗೆ ಅವಸರ ಬರುತ್ತದೆ. ಮನೆಯಲ್ಲಿ ಜಗಳವಾದ ದಿನ ಗೋಡೆ ಕಡೆಗೆ ತಿರುಗಿ ಕೂರುವ ಹುಡುಗನೊಬ್ಬನನ್ನು ಯಾರೂ ಮಾತನಾಡಿಸದೆ ರಟ್ಟು ಕೊಟ್ಟು ಬಿಡುತ್ತೇವೆ. ಮಾತು ಬೇಕೆನಿಸಿದಾಗ ಅವನೇ ಬರುತ್ತಾನೆ.

ಮುಂದಿನ ಹಂತದಲ್ಲಿ ಹುರಿದು ಕಪ್ಪಾಗಿಸಿದ ಅಕ್ಕಿಯಿಂದ ಕಪ್ಪು ಬಣ್ಣ ಮಾಡಬೇಕು. ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ (ನೈವೇದ್ಯವನ್ನು ಹೊಲಕ್ಕೆ ಒಯ್ಯುವ ಬಿದಿರು ಬುಟ್ಟಿಗೆ) ಚಿತ್ತಾರ ಬರೆಯುವ ಅಜ್ಜಿಯರನ್ನು ಹಬ್ಬಕ್ಕೂ ಮುನ್ನವೇ ಶಾಲೆಗೆ ಕರೆಯಲು ಪೋಷಕರೊಂದಿಗೆ ಮಾತನಾಡಿದ್ದೇನೆ. ಸಣ್ಣ ಬಿದಿರು ಬುಟ್ಟಿಗಳನ್ನು ಹೊಂದಿಸುವ ಕೆಲಸ ಬಾಕಿಯಿದೆ.