ಕಣಜದೊಳಗೆ ಸಿನಿಮಾ

ನಿನ್ನೆ ಸಂಜೆ ಇಂಗ್ಲೆಂಡಿನ ಡೆವನ್‌ನಲ್ಲಿರುವ ಡಾರ್ಟಿಂಗ್ಟನ್ ಎಂಬ ಹಳೆಯ ಎಸ್ಟೇಟಿನಲ್ಲಿ ಒಂದು ಸಿನಿಮಾ ನೋಡಿದೆ. ಸಿನಿಮಾಕ್ಕಿಂತ ಆ ಕಟ್ಟಡವೇ ಜಾಸ್ತಿ ಮನಸ್ಸಿನಲ್ಲಿ ಉಳಿದಿದೆ. ಒಂದು ಕಾಲದಲ್ಲಿ ಜಮೀನ್ದಾರರ ಕಾಳು, ಹುಲ್ಲು ತುಂಬುತ್ತಿದ್ದ ದೊಡ್ಡ ಕಣಜ ಅದು. ದಪ್ಪ ಕಲ್ಲಿನ ಗೋಡೆ. 1930ರ ದಶಕದಲ್ಲಿ ಅದನ್ನು ನಾಟಕಶಾಲೆ ಮಾಡುವ ಕೆಲಸದಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಕೈ ಇತ್ತು. ಜರ್ಮನಿಯ ಬೌಹೌಸ್ ಎಂಬ ಕಲೆ-ವಿನ್ಯಾಸದ ಶಾಲೆ ಕಟ್ಟಿದ ಅದೇ ಗ್ರೋಪಿಯಸ್! ಈಗ ಅಲ್ಲಿ ಊರವರೆಲ್ಲ ಬಂದು ಸಿನಿಮಾ ನೋಡುತ್ತಾರೆ.

ಇದರ ಹಿಂದೆ ನಮ್ಮ ದೇಶದ ನಂಟೂ ಇದೆ. ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಯುವಕ ರವೀಂದ್ರನಾಥ ಟ್ಯಾಗೋರರ ಕರೆಗೆ ಓಗೊಟ್ಟು ಬಂಗಾಳಕ್ಕೆ ಹೋದ. 1922ರಲ್ಲಿ ಶಾಂತಿನಿಕೇತನದ ಪಕ್ಕದ ಸುರುಲ್‌ನಲ್ಲಿ ಗ್ರಾಮ ಕಟ್ಟುವ ಕೆಲಸ ಶುರುವಾಯಿತು. ಅದೇ ಮುಂದೆ ಶ್ರೀನಿಕೇತನ. ಆಮೇಲೆ 1925ರಲ್ಲಿ ಹೆಂಡತಿ ಡೊರೊಥಿ ಜೊತೆ ಸೇರಿ ಪಾಳುಬಿದ್ದಿದ್ದ ಈ ಡಾರ್ಟಿಂಗ್ಟನ್ ಕೊಂಡುಕೊಂಡ. 14ನೇ ಶತಮಾನದ ದೊಡ್ಡ ಹಜಾರಕ್ಕೆ ಆಗ ಮಾಡೂ ಇರಲಿಲ್ಲ. ಅದಕ್ಕೆ ಮತ್ತೆ ಮರದ ಮಾಡು ಹಾಕಿಸಿದರು. ಶಾಲೆ, ಹೊಲ, ನೇಯ್ಗೆ, ಕುಣಿತ, ಎಲ್ಲಾ ಒಂದೇ ಕಡೆ ಬೆಳೆಯಿತು.

ಬಂಗಾಳದ ಒಂದು ಹಳ್ಳಿಯಲ್ಲಿ ಕಲಿತದ್ದು ಇಷ್ಟು ದೂರ ಬಂದು ಬೇರು ಬಿಟ್ಟಿದೆ ಅಲ್ವಾ! ಸಿನಿಮಾ ಮುಗಿದ ಮೇಲೆ ಅಂಗಳದಲ್ಲಿ ಸುಮ್ನೆ ನಿಂತಿದ್ದೆ. ನಮ್ಮ ಅಜ್ಜನ ಮನೆಯ ಕಣಜ ನೆನಪಾಯಿತು. ಅದನ್ನು ಕೆಡವಿ ಹತ್ತು ವರ್ಷ ಆಯಿತು. ಆ ಜಾಗ ಇನ್ನೂ ಖಾಲಿ ಇದೆ.